ಸುಗಂಧಿಯ ಬುಟ್ಟಿ, ರವಿರಾಜನ ತಲೆ

ಮರವಂತೆಯ ಸುಗಂಧಿಯನ್ನು ಗುರುತಿಸಲು ಮುಖ ನೋಡಬೇಕಾಗಿಲ್ಲ, ದನಿ ಕೇಳಿದರೆ ಸಾಕು. ಅವಳು ಸೌಪರ್ಣಿಕೆಯ ಸೇತುವೆ ದಾಟುವ ಮೊದಲೇ ಅವಳ "ಮೀನ್ ಬೇಕಾ ಮೀನ್" ಆಚೆ ದಡದ ಪಡುಕೋಣೆಗೆ ತಲುಪಿರುತ್ತದೆ. ಆ ದನಿಗೆ ಬೆಕ್ಕುಗಳು ಅಡುಗೆಮನೆ ಬಿಟ್ಟು ಅಂಗಳಕ್ಕೆ ಬರುತ್ತವೆ, ಮಕ್ಕಳು ಚಿಲ್ಲರೆ ಹುಡುಕುತ್ತಾರೆ, ಆಗಷ್ಟೇ ಬೇಳೆ ತೊಳೆದು ಇಟ್ಟವರು ಆ ಬೇಳೆಯನ್ನು ಮರೆಯುತ್ತಾರೆ.

ಈ ಹಾದಿ ಅವಳಿಗೆ ಅತ್ತೆ ಗುಲಾಬಿಯಿಂದ ಬಂದದ್ದು. ಬಳೆ ಕೊಟ್ಟ ಹಾಗೆ, ಸೀರೆ ಕೊಟ್ಟ ಹಾಗೆ, ಮದುವೆಯಾದ ವರ್ಷವೇ ಗುಲಾಬಿ ಸೊಸೆಯನ್ನು ಜೊತೆಗೆ ಕರೆದುಕೊಂಡು ಹೋಗಿ ಪ್ರತಿ ಮನೆಯ ಮೆಟ್ಟಿಲಲ್ಲೂ ನಿಲ್ಲಿಸಿ, "ಇನ್ನ್ ಮೇಲೆ ಇದ್ ಬತ್ತ್, ನನ್ ಸೊಸಿ" ಎಂದಿದ್ದಳು. ಮೀನು ಮಾರುವ ಹೆಂಗಸರಲ್ಲಿ ಒಂದು ಕಟ್ಟಳೆಯಿದೆ. ಒಬ್ಬಳ ಹಾದಿಗೆ ಇನ್ನೊಬ್ಬಳು ಕಾಲಿಡುವುದಿಲ್ಲ. ಆದರೆ ಮಳೆಗಾಲದಲ್ಲಿ ಹಾದಿ ಬಿಟ್ಟವಳಿಗೆ ಮಳೆ ನಿಂತ ಮೇಲೆ ಹಾದಿ ಇರುವುದಿಲ್ಲ. ಬೋಟುಗಳೆಲ್ಲ ದಡ ಸೇರಿ, ಹಸಿಮೀನು ಸಿಗದ ಆ ಎರಡು ತಿಂಗಳು ಒಣಮೀನು ಹೊತ್ತು ಮನೆಮನೆಗೆ ಹೋದವಳಿಗೇ ಮುಂದೆ ಬಂಗ್ಡೆ ಬಂದಾಗ ಬಾಗಿಲು ತೆರೆಯುವುದು. ಈಗೀಗಂತೂ ಸ್ಕೂಟರಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಪೋಂ ಪೋಂ ಎಂದು ಬರುವವರಿದ್ದಾರೆ. ಅವರಿಗೆ ಕಟ್ಟಳೆಯೂ ಇಲ್ಲ, ಅತ್ತೆಯೂ ಇಲ್ಲ.

ಸುಗಂಧಿಯ ಗಂಡ ರವಿರಾಜ್ ಗಂಗೊಳ್ಳಿ ಬಂದರಿನ ಒಂದು ದೊಡ್ಡ ಬೋಟಿನಲ್ಲಿ ಬಲೆಯ ಹಗ್ಗ ಎಳೆಯುವವನು. ದಡಕ್ಕೆ ಬಂದರೆ ಏಲಂ ಕೂಗುವವನೂ ಅವನೇ. ಮೀನಿನ ರಾಶಿಯ ಮುಂದೆ ನಿಂತು ಅವನು ಬೆಲೆ ಏರಿಸುವುದನ್ನು ನೋಡಲಿಕ್ಕೆಂದೇ ಕೆಲವರು ಬರುತ್ತಿದ್ದರು. ಮನೆಯಲ್ಲಿ ಮಾತ್ರ ಅವನದು ಮೆತ್ತಗಿನ ಮಾತು. ಪೂಜಿತಾ ಹುಟ್ಟಿ, ಸುಜನ್ ಹುಟ್ಟಿದ ಮೇಲೆ ಇನ್ನು ಸಾಕೆಂದು ಗಂಡ ಹೆಂಡತಿ ಇಬ್ಬರೂ ಒಪ್ಪಿದರು. ಸಾಕು ಎನ್ನುವವರೆಗೆ ಇಬ್ಬರು. ಅಲ್ಲಿಂದ ಮುಂದಿನದೆಲ್ಲ ಸುಗಂಧಿಯ ಪಾಲಿಗೆ ಬಂತು. ಕಾಪರ್-ಟಿ ಹಾಕಿಸಿಕೊಂಡಳು, ರಕ್ತಸ್ರಾವ ತಡೆಯಲಾರದೆ ತೆಗೆಸಿದಳು. ಮಾತ್ರೆ ನುಂಗಿದಳು, ಮೀನಿನ ವಾಸನೆಯಲ್ಲೇ ಹುಟ್ಟಿ ಬೆಳೆದವಳು ಬಂದರಿನ ನಡುವೆ ನಿಂತು ವಾಕರಿಸಿದಳು. ಪ್ರತಿ ಸಲವೂ ಗಂಡನನ್ನು ಕೇಳಿದ್ದಳು. ಪ್ರತಿ ಸಲವೂ ಅವನು, "ನಿನ್ನಿಷ್ಟ ಮಾರಾಯ್ತಿ" ಎಂದಿದ್ದ.

ಕೆಟ್ಟವನಲ್ಲ ರವಿರಾಜ್. ಅವಳಿಗೆ ಸುಸ್ತಾದ ದಿನ ಪಾತ್ರೆ ತೊಳೆದವನು, ಮಗಳಿಗೆ ಜಡೆ ಹಾಕಲು ಕಲಿತವನು. ಆ 'ನಿನ್ನಿಷ್ಟ'ದಲ್ಲಿ ತನ್ನ ಪಾಲೂ ಇರಬಹುದೆಂದು ಅವನಿಗೆ ಹೊಳೆದಿರಲಿಲ್ಲ, ಅಷ್ಟೇ.

ಕಡಲ ಬದಿಯ ಹೆಂಗಸರು ಆಪರೇಷನ್ ಮಾಡಿಸಿಕೊಳ್ಳುವುದು ಹೆಚ್ಚಾಗಿ ಮಳೆಗಾಲದಲ್ಲಿ. ಗಂಡಸರು ಮನೆಯಲ್ಲಿರುತ್ತಾರೆ, ಮಕ್ಕಳನ್ನು ನೋಡಿಕೊಳ್ಳುತ್ತಾರೆ ಎಂಬುದು ಲೆಕ್ಕ. ಬಲೆ ಹೊಲಿಯುವ ಶೆಡ್ಡಿನಲ್ಲಿ ಗಂಡಸರು ಒಬ್ಬರಿಗೊಬ್ಬರು, "ನಮ್ದ್ ಆಯ್ತ್, ನಿಮ್ದ್?" ಎಂದು ಕೇಳಿಕೊಳ್ಳುತ್ತಾರೆ. ಕೇಳುವವನ ಮೈಯಲ್ಲೂ ಹೊಲಿಗೆಯಿಲ್ಲ, ಹೇಳುವವನ ಮೈಯಲ್ಲೂ ಇಲ್ಲ.

ಆ ವರ್ಷ ಜೂನಿನ ಒಂದು ಮಧ್ಯಾಹ್ನ ಆಶಾ ಕಾರ್ಯಕರ್ತೆ ವನಜ ಛತ್ರಿ ಮಡಚಿ ಸುಗಂಧಿಯ ಜಗಲಿಯಲ್ಲಿ ಕೂತಳು. ರವಿರಾಜ್ ಒಂದು ಮೂಲೆಯಲ್ಲಿ ಬಲೆಯ ಹರುಕು ಹರವಿಕೊಂಡಿದ್ದ.

"ಈ ಮಳಿಗಾಲಕ್ ಒಂದ್ ತೀರ್ಮಾನ ಮಾಡಿ ಸುಗಂಧಕ್ಕ," ಎಂದಳು ವನಜ. "ಪ್ರತಿ ತಿಂಗ್ಳ್ ಹೆದ್ರ್ಕಂಡ್ ಕೂಕಂಬುಕೆ ಆತ್ತಾ?"

"ನಾ ಎಂತ ಹೇಳುದ್? ಅವ್ರ್ ಹತ್ರ ಕೇಣಿ."

"ಅದ್ರ ಇಷ್ಟ," ಎಂದ ರವಿರಾಜ್ ಬಲೆಯಿಂದ ತಲೆಯೆತ್ತದೆ.

"ಹ್ವಾಯ್ ರವಿರಾಜಣ್ಣ, ಗಂಡ್ಸ್ರಿಗೂ ಇತ್ತ್ ಆಪರೇಷನ್. ಹೊಲ್ಗಿ ಇಲ್ಲೆ, ಮಲ್ಗುದ್ ಇಲ್ಲೆ. ನಡ್ಕಂಡ್ ಹೋಪುದ್, ನಡ್ಕಂಡ್ ಬಪ್ಪುದ್."

ರವಿರಾಜ್ ನಕ್ಕ. "ನಂಗಾ? ಆಮೇಲ್ ಹಗ್ಗ ಎಳುದ್ ಯಾರ್, ನಿನ್ ಗಂಡನಾ?"

"ಹಗ್ಗ ಕೈಯಗೆ ಎಳುದಲ್ದಾ? ಮತ್ತೆ ಎಂತದ್ರಗೆ ಎಳಿತ್ರಿ ನೀವ್?"

ಅಡುಗೆಮನೆಯಲ್ಲಿ ಮುಚ್ಚಳವೊಂದು ಠಣ್ಣನೆ ಬಿತ್ತು. ಗುಲಾಬಿ ಬಾಗಿಲಿಗೆ ಬಂದಳು. "ನನ್ ಮಗನ್ ಮೈಗ್ ಕತ್ತಿ ತಾಗುಕಾಗ. ಹೆಂಗ್ಸ್ರ್ ಮಾಡ್ಸ್ಕಂಬುದ್ ಇದ್ದದ್ದೇ. ನಾ ಮಾಡ್ಸ್ಕಣ್ಲಿಲ್ಯಾ?"

ಸುಗಂಧಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಡಿಸಿದಳು. ಆಪರೇಷನ್ನಿಗೆ ಅವಳು ಹೆದರಿದವಳಲ್ಲ. ಆಮೇಲೆ ಕೆಲವು ವಾರ ಭಾರ ಎತ್ತಬಾರದೆಂದು ಡಾಕ್ಟರು ಹೇಳುತ್ತಾರೆ, ಮೂರು ತಿಂಗಳೆಂದು ಊರು ಹೇಳುತ್ತದೆ. ಹೇಗೆ ನೋಡಿದರೂ ಮಳೆಗಾಲ ಕೈಬಿಟ್ಟುಹೋಗುತ್ತದೆ, ಮಳೆಗಾಲದ ಹಿಂದೆ ಹಾದಿಯೂ.

"ಆಯ್ತ್. ನಾನೇ ಮಾಡ್ಸ್ಕಂತೆ," ಎಂದಳು. "ಅಷ್ಟ್ ದಿನ ನನ್ ಹಾದಿ ಯಾರ್ ಕಾಂಬುದ್?"

"ನಾನಿಲ್ಯಾ?" ಎಂದ ರವಿರಾಜ್. "ಅಷ್ಟ್ ದೊಡ್ಡ ಬಲಿ ಎಳ್ದವನಿಗೆ ಒಂದ್ ಬುಟ್ಟಿ ಹೊರುಕಾತಿಲ್ಯಾ?"

"ಹಂಗಾರೆ ನಾಳೆ ಒಂದಿನ ಹೊರಿ ಕಾಂಬ. ಬುಟ್ಟಿ ಖಾಲಿ ಆಯ್ಕ್. ಮೀನ್ ತಕಂಬ ಮನಿಯವ್ರ್ ನಾಡಿದ್ದೂ ಬಾ ಅಂಬ್ಕ್. ಎರಡೂ ಆದ್ರೆ ನಾ ಹೋತೆ ಆಸ್ಪತ್ರಿಗೆ. ಆಯ್ಲಿಲ್ಲ ಅಂದ್ರೆ ನೀವ್."

ರವಿರಾಜ್ ಒಮ್ಮೆ ತಾಯಿಯ ಮುಖ ನೋಡಿದ, ಒಮ್ಮೆ ತನ್ನ ತೋಳು ನೋಡಿಕೊಂಡ. ತೋಳಿನ ಮಾತೇ ಗೆದ್ದಿತು. "ಆಯ್ತ್" ಎಂದ.

"ನಾನ್ ಸಾಕ್ಷಿ," ಎಂದು ವನಜ ಛತ್ರಿ ಬಿಡಿಸಿದಳು. "ನೀನ್ ಹಿಂದೆ ಹೋಯ್ಕ್ ಸುಗಂಧಕ್ಕ. ಆರೆ ಬಾಯ್ ಬಿಡುಕಿಲ್ಲೆ."

ಮರುದಿನ ಭಾನುವಾರ. ಮಳೆ ಸ್ವಲ್ಪ ಉಸಿರು ತೆಗೆದುಕೊಳ್ಳುತ್ತಿತ್ತು. ಒಣ ಬಂಗ್ಡೆ, ಒಣ ನಂಗು ಮೀನು, ತಳದಲ್ಲಿ ಚಟ್ಲಿ ಎನ್ನುವ ಒಣ ಸಿಗಡಿ ತುಂಬಿದ ಬುಟ್ಟಿಯ ಮೇಲೆ ಪ್ಲಾಸ್ಟಿಕ್ ಹೊದೆಸಿದ್ದಾಯಿತು. ಮುನಿಸಿಕೊಂಡು ಒಳಗೆ ಕೂತಿದ್ದ ಗುಲಾಬಿಗೆ ಮಗ ಸಿಂಬಿ ಸುತ್ತುವ ಚಂದ ನೋಡಿ ತಡೆಯಲಾಗಲಿಲ್ಲ. ಎದ್ದು ಬಂದು ಬಟ್ಟೆಯನ್ನು ಕಸಿದುಕೊಂಡು ತಾನೇ ಸುತ್ತಿ ಅವನ ನೆತ್ತಿಯ ಮೇಲಿಟ್ಟಳು. "ಕುತ್ತಿಗಿ ನೆಟ್ಟಗ್ ಇಡ್. ಮೇಲೂ ಕಾಂಬುಕಾಗ, ಕೆಳ್ಗೂ ಕಾಂಬುಕಾಗ. ಹಾದಿ ಕಾಲಿಗ್ ಗೊತ್ತಾಯ್ಕ್."

ರವಿರಾಜ್ ಹೊರಟ. ಹಿಂದಿನಿಂದ ಸುಗಂಧಿ, ಕೈಯಲ್ಲೊಂದು ಮಡಚಿದ ಛತ್ರಿ. ತಲೆ ಬರಿದು. ಮೊದಮೊದಲು ಅವಳಿಗೆ ಏನನ್ನೋ ಮರೆತು ಬಂದ ಹಾಗಾಗುತ್ತಿತ್ತು, ಕೈ ತಾನಾಗಿ ನೆತ್ತಿಗೆ ಹೋಗುತ್ತಿತ್ತು. ಸೇತುವೆಯ ಮೇಲೆ ಬಂದಾಗ ಗಾಳಿ ಅವಳ ಕೂದಲಿಗೆ ಕೈಹಾಕಿತು. ಅವಳು ತಲೆಯೆತ್ತಿದಳು.

ಇಷ್ಟು ವರ್ಷ ನಡೆದ ಹಾದಿ. ಅದರ ಕಲ್ಲು, ಗುಂಡಿ, ಬೇಲಿಯ ಬುಡದ ನಾಚಿಕೆಮುಳ್ಳು ಎಲ್ಲವೂ ಅವಳಿಗೆ ಗೊತ್ತು. ಅದಕ್ಕೊಂದು ಆಕಾಶವಿದೆಯೆಂದು ಗೊತ್ತಿರಲಿಲ್ಲ. ಬಿಳಿ ಮೋಡದ ಹಿಂದೆ ಕಪ್ಪು ಮೋಡ, ಅದರ ಹಿಂದೆ ಘಟ್ಟದ ನೀಲಿ. ಸೇತುವೆ ಇಳಿದ ತಿರುವಿನಲ್ಲಿ ದಿನವೂ ಕಿಚಿಪಿಚಿ ಕೇಳುತ್ತಿತ್ತು. ಕರೆಂಟಿನ ತಂತಿಯ ಮೇಲೆ ಕೂತ ಗುಬ್ಬಿಗಳಿರಬೇಕೆಂದು ಅವಳು ಅಂದುಕೊಂಡಿದ್ದಳು. ಈಗ ನೋಡಿದರೆ ಎತ್ತರದ ತೆಂಗಿನ ಗರಿಗಳ ತುದಿಯಲ್ಲಿ ಗೀಜಗನ ಗೂಡುಗಳು. ಒಂದಲ್ಲ ಎರಡಲ್ಲ, ಗರಿಗರಿಗೂ ಜೋತುಬಿದ್ದು ಗಾಳಿಗೆ ತೂಗುತ್ತಿದ್ದವು.

ಬಾಯಿ ಬಿಡಬಾರದೆಂಬ ಕರಾರು ಮರೆತೇಹೋಯಿತು. "ಹ್ವಾಯ್! ಮೇಲ್ ಕಾಣಿ, ಹಕ್ಕಿ ಗೂಡ್!"

"ಹ್ಯಾಂಗ್ ಕಾಂಬುದ್ ಮಾರಾಯ್ತಿ?" ಬುಟ್ಟಿಯಡಿಯಿಂದ ರವಿರಾಜನ ದನಿ ಬಂತು. "ಕುತ್ತಿಗಿ ತಿರ್ಗ್ತಿಲ್ಲೆ."

ಸುಗಂಧಿ ನಕ್ಕಳು. ನಿಂತು, ಗೂಡುಗಳನ್ನು ನೋಡುತ್ತ, ಸಣ್ಣ ಹುಡುಗಿಯಂತೆ ನಕ್ಕಳು. ರವಿರಾಜ್ ಇಡೀ ಮೈಯನ್ನು ಬುಟ್ಟಿಯ ಸಮೇತ ಅವಳ ಕಡೆ ತಿರುಗಿಸಿದ. ಗೂಡು ಅವನಿಗೆ ಕಾಣಲಿಲ್ಲ. ಹೆಂಡತಿಯ ಮುಖ ಕಂಡಿತು. ಒಂದು ಗಳಿಗೆ ಹಾಗೇ ನಿಂತು ಮುಂದೆ ನಡೆದ.

ಮೊದಲ ಮನೆಗಳಲ್ಲಿ ವ್ಯಾಪಾರ ಚೆನ್ನಾಗಿಯೇ ಆಯಿತು. ತಲೆಯ ಮೇಲೆ ಬುಟ್ಟಿ ಹೊತ್ತ ಗಂಡಸನ್ನು ನೋಡಿದ ಬೆರಗಿಗೇ ಜನ ಕೊಂಡರು. "ಎಂತ ಸುಗಂಧಿ, ಇವತ್ತ್ ರಜೆಯಾ?" ಎಂದು ಕೇಳಿದವರಿಗೆ ಅವಳು ಬಾಯಿಗೆ ಬೆರಳಿಟ್ಟು ತೋರಿಸಿ ನಗುತ್ತಿದ್ದಳು.

ಕೊನೆಗೆ ಬಂದದ್ದು ಸರಸಮ್ಮ ಮತ್ತು ಶರ್ಮಿಳಾರ ಅಂಗಳ. ಎರಡು ಮನೆಗಳ ನಡುವೆ ಒಂದು ದಾಸವಾಳದ ಬೇಲಿ. ಸರಸಮ್ಮ ಹಿರಿಯಾಕೆ, ಮನೆ ಬಿಟ್ಟು ಹೋಗುವವರಲ್ಲ. ಶರ್ಮಿಳಾ ಕುಂದಾಪುರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವವಳು, ಭಾನುವಾರ ಮಾತ್ರ ಮನೆಯಲ್ಲಿ ಸಿಗುತ್ತಾಳೆ. ಬುಟ್ಟಿಯ ತಳದಲ್ಲಿ ಉಳಿದದ್ದು ಒಣ ಚಟ್ಲಿಯ ಒಂದು ಗುಡ್ಡೆ. ಚಟ್ನಿಗೆಂದು ಇಬ್ಬರೂ ಕಾದು ಕೂತದ್ದು ಅದಕ್ಕೇ.

ಇಂಥ ಹೊತ್ತಿನಲ್ಲಿ ಸುಗಂಧಿ ಮಾಡುತ್ತಿದ್ದುದು ಸರಳ. ಗುಡ್ಡೆಯನ್ನು ಎರಡು ಪಾಲು ಮಾಡಿ, ಸರಸಮ್ಮನ ಕಿವಿಯಲ್ಲಿ "ನಿಮ್ಗ್ ಒಂದ್ ಮುಷ್ಟಿ ಜಾಸ್ತಿ ಇತ್ತ್" ಎನ್ನುವುದು, ಬೇಲಿಯಾಚೆ ಹೋಗಿ ಶರ್ಮಿಳಾಳ ಕಿವಿಯಲ್ಲೂ ಅದನ್ನೇ ಎನ್ನುವುದು. ರವಿರಾಜನಿಗೆ ಗೊತ್ತಿದ್ದದ್ದು ಬಂದರು. ಒಂದು ರಾಶಿ, ಇಬ್ಬರು ಗಿರಾಕಿ ಎಂದರೆ ಬಂದರಿನಲ್ಲಿ ಅರ್ಥ ಒಂದೇ.

ಅವನು ಬೇಲಿಯ ಬುಡದಲ್ಲಿ ಬುಟ್ಟಿ ಇಳಿಸಿ, ಸೊಂಟಕ್ಕೆ ಕೈಕೊಟ್ಟು, ಕಡಲಿಗೆ ಕೇಳುವಂತೆ ಕೂಗಿದ. "ಹ್ವಾಯ್, ಬನ್ನಿ ಬನ್ನಿ! ಕಡೀ ರಾಶಿ! ಸರಸಮ್ಮನ್ ಬಾಯಗೆ ನೂರು! ನೂರಕ್ಕ್ ಒಂದ್ ಸಲ!"

"ನಾ ಎಲ್ಲಿ ಹೇಳ್ದೆ?" ಎಂದರು ಸರಸಮ್ಮ.

"ನೂರಾ ಇಪ್ಪತ್ತ್," ಎಂದುಬಿಟ್ಟಳು ಶರ್ಮಿಳಾ. ಯಾಕೆಂದು ಅವಳಿಗೂ ತಿಳಿಯಲಿಲ್ಲ.

"ಶರ್ಮಿಳಕ್ಕ ನೂರಾ ಇಪ್ಪತ್ತ್! ಬಟ್ಟಿ ಅಂಗ್ಡಿಯವ್ರ್, ಕೈ ದೊಡ್ದ್! ಸರಸಮ್ಮ, ಬಿಟ್ ಕೊಡ್ತ್ರ್ಯಾ?"

ಬಿಟ್ಟು ಕೊಡುವವರಲ್ಲ ಸರಸಮ್ಮ. ಬೆಲೆ ಏರಿತು. ಹಿಂದೆ ನಿಂತ ಸುಗಂಧಿ ಸೆರಗನ್ನು ಬಾಯಿಗೆ ತುರುಕಿಕೊಂಡಳು, ನಗುವಿಗೋ ಗಾಬರಿಗೋ ಅವಳಿಗೇ ಗೊತ್ತಾಗಲಿಲ್ಲ. ಬೆಲೆಯ ಜೊತೆಗೆ ಹಳೆಯ ವಿಷಯಗಳೂ ಏರಿದವು. ಬೇಲಿ ದಾಟಿ ಬಂದು ಬಸಳೆ ಕೆದಕಿದ ಕೋಳಿ, ಆಚೆಯ ಅಂಗಳಕ್ಕೆ ಬಿದ್ದು ವಾಪಸು ಬಾರದ ತೆಂಗಿನಕಾಯಿ. ರವಿರಾಜ್ ಹುರುಪಿನಲ್ಲಿ "ಮೂರ್ ಸಲ!" ಎಂದು ಕೈತಟ್ಟಿದಾಗ ಚಟ್ಲಿ ಸರಸಮ್ಮನದಾಗಿತ್ತು. ಶರ್ಮಿಳಾ ಬಾಗಿಲು ಬಡಿದುಕೊಂಡು ಒಳಗೆ ಹೋಗಿದ್ದಳು.

ಹಣ ಎಣಿಸುವಾಗ ಸರಸಮ್ಮನಿಗೆ ಎಚ್ಚರಾಯಿತು.

"ಒಂದ್ ಗುಡ್ಡಿ ಒಣ ಚಟ್ಲಿಗೆ ಇಷ್ಟಾ?" ಎಂದು ಕೈಯ ನೋಟನ್ನೂ ಚಟ್ಲಿಯನ್ನೂ ನೋಡಿದರು. "ಸುಗಂಧಿ, ನಾಳಿಂದ ನೀನೂ ಬ್ಯಾಡ, ನಿನ್ ಗಂಡನೂ ಬ್ಯಾಡ. ನಮ್ಗೆ ಸ್ಕೂಟರ್ ಬತ್ತ್."

ಸುಗಂಧಿಯ ನಗು ಅಲ್ಲೇ ನಿಂತಿತು. ಸರಸಮ್ಮನ ಮಾತಿಗೆ ಆ ಕೇರಿಯಲ್ಲಿ ತೂಕವಿದೆ. ಅವರು ಬಿಟ್ಟರೆ ಉಳಿದವರೂ ಒಬ್ಬೊಬ್ಬರಾಗಿ ಬಿಡುತ್ತಾರೆ.

ಮರಳುವಾಗ ಸೇತುವೆಯ ನಡುವೆ ರವಿರಾಜ್ ಖಾಲಿ ಬುಟ್ಟಿ ಕೆಳಗಿಟ್ಟು ಕುತ್ತಿಗೆ ನೀವಿಕೊಂಡ. ಕೆಳಗೆ ಕೆಂಪು ನೀರು ಸುತ್ತುತ್ತಿತ್ತು.

"ಬುಟ್ಟಿ ಖಾಲಿ ಆಯ್ತ್," ಎಂದ.

"ಹೌದ್."

"ಗಿರಾಕಿ ಮನಿಯೂ ಖಾಲಿ ಆಯ್ತ್."

ಅವನು ಹಿಂತಿರುಗಿ ತೆಂಗಿನ ಮರಗಳನ್ನು ನೋಡಿದ. ಈಗ ಗೂಡುಗಳು ಅವನಿಗೂ ಕಂಡವು. "ಇಷ್ಟ್ ವರ್ಷದಗೆ ಒಂದಿನವೂ ಇದ್ ನೀ ಕಾಣ್ಲಿಲ್ಯಾ?"

"ಇವತ್ತೇ ಕಂಡದ್."

ಅವನು ಮತ್ತೊಮ್ಮೆ ಕುತ್ತಿಗೆ ನೀವಿಕೊಂಡ. ಆಮೇಲೆ, "ಆಸ್ಪತ್ರಿಗೆ ನಾ ಹೋತೆ," ಎಂದ.

"ಪಂಥ ಸೋತದ್ದಕ್ಕಾ?"

"ಅದಕ್ಕೂ. ನಿನ್ನಿಷ್ಟ, ನಿನ್ನಿಷ್ಟ ಅಂದೇಳಿ ಇಷ್ಟ್ ದಿನ ಜಾರ್ಕಂಡೆ. ಇದ್ ನನ್ನಿಷ್ಟ. ನಿಂಗೆ?"

ಅವನು ಹಾಗೆ ತಿರುಗಿ ಕೇಳಿದ್ದು ಅದೇ ಮೊದಲು. "ನಂಗೂ ಇಷ್ಟವೇ," ಎಂದಳು ಸುಗಂಧಿ. ಬುಟ್ಟಿಯನ್ನು ಅವಳು ಎತ್ತಿಕೊಳ್ಳಲು ಹೋದಾಗ ಅವನು ಕೊಡಲಿಲ್ಲ.

ಮನೆಯಲ್ಲಿ ಗುಲಾಬಿ ಸುದ್ದಿ ಕೇಳಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ಕೂಗಾಡುತ್ತಾಳೆಂದು ಇಬ್ಬರೂ ಕಾದರು. ಕೂಗಾಡಲಿಲ್ಲ.

"ನಾ ಮಾಡ್ಸ್ಕಂಡ್ ಎಂಟ್ ದಿನಕ್ಕೆ ಬುಟ್ಟಿ ಹೊತ್ತೆ," ಎಂದಳು ಅಂಗಳದ ಕಡೆ ನೋಡುತ್ತ. "ಹಾದಿ ಹೋತ್ತ್ ಅಂದೇಳಿ. ನಿನ್ನಪ್ಪಯ್ಯ ಕೆಟ್ಟವ್ರಲ್ಲ. ಅವ್ರ್ ಕೇಣ್ಲಿಲ್ಲ, ನಾ ಹೇಳ್ಲಿಲ್ಲ." ಮೊಣಕಾಲಿಗೆ ಕೈಯೂರಿ ಎದ್ದು ಸೊಸೆಯ ಕಡೆ ತಿರುಗಿದಳು. "ಹೆಣೆ, ಮನಿಯಗೆ ಮೆಂತಿ ಇತ್ತಾ? ಇಂವ ಬಂದ್ ಮೇಲೆ ಗಂಜಿ ಮಾಡ್ಕಲೆ."

ಶೆಡ್ಡಿನಲ್ಲಿ ಮಾತ್ರ ಮಾತು ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಊಟದ ಡಬ್ಬ ಕೊಡಲು ಹೋದ ಸುಗಂಧಿ ಹೊರಗೆ ನಿಂತೇ ಕೇಳಿದಳು. ಬೋಟಿನ ಹಿರಿಯಾಳು ಅಣ್ಣಯ್ಯ ರಾಗವಾಗಿ ಹೇಳುತ್ತಿದ್ದ: "ಆಗಸ್ಟಿಗೆ ನಮ್ ಬೋಟಿಗ್ ಒಂದ್ ಸೀರಿ ತರ್ಕ್ ಮಕ್ಳೇ, ರವಿರಾಜನಿಗೆ." ಎಲ್ಲರೂ ನಕ್ಕರು.

"ತನ್ನಿ, ಜರಿ ಅಂಚಿಂದೇ ಆಯ್ಕ್," ಎಂದ ರವಿರಾಜ್. "ಆರೆ ಅಣ್ಣಯ್ಯ, ನಿಮ್ದೂ ಆಯ್ತ್ ಅಂತ್ರಲೆ ಯಾವಾಗ್ಳೂ. ಹೊಲ್ಗಿ ಎಲ್ಲಿತ್ತ್, ಒಂಚೂರ್ ತೋರ್ಸಿ ಕಾಂಬ."

ಅಣ್ಣಯ್ಯ ತಟ್ಟನೆ ಬಲೆಯ ಸೂಜಿ ಹುಡುಕತೊಡಗಿದ. ಸುಗಂಧಿ ಡಬ್ಬವನ್ನು ಬಾಗಿಲಲ್ಲೇ ಇಟ್ಟು, ನಗು ಹೊರಗೆ ಬೀಳುವ ಮೊದಲು ಓಡಿದಳು.

ಆ ವಾರವೇ ಕುಂದಾಪುರದ ಸರಕಾರಿ ಆಸ್ಪತ್ರೆಗೆ ಹೋದರು, ವನಜಳೂ ಜೊತೆಗಿದ್ದಳು. ಸುಗಂಧಿ ಹೊರಗಿನ ಬೆಂಚಿನಲ್ಲಿ ಕೂತು, ತಂದ ಬನ್ಸುಗಳಲ್ಲಿ ಎರಡನೆಯದಕ್ಕೆ ಕೈಹಾಕುವಷ್ಟರಲ್ಲಿ ರವಿರಾಜ್ ನಡೆದುಕೊಂಡು ಬಂದ.

"ಎಂತ ಆಯ್ತ್? ಮಾಡ್ಲಿಲ್ಯಾ?"

"ಆಯ್ತ್ ಅಂಬ್ರ್. ನಂಗೂ ನಂಬಿಕಿ ಬತ್ತಿಲ್ಲೆ."

ಒಂದು ವಾರ ಭಾರ ಎತ್ತಬಾರದು ಎಂದರು ಡಾಕ್ಟರು. ಇನ್ನೊಂದನ್ನು ಎರಡೆರಡು ಸಲ ಹೇಳಿದರು. ಇವತ್ತಿನಿಂದಲೇ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ, ಮೂರು ತಿಂಗಳು ಬೇರೆ ಜಾಗ್ರತೆ ಬೇಕು, ಆಮೇಲೆ ಬಂದು ಪರೀಕ್ಷೆ ಮಾಡಿಸಿ. ಆ ಜಾಗ್ರತೆಗೆಂದು ವನಜ ಎಲ್ಲರೆದುರು ಕೊಟ್ಟ ನಿರೋಧ್ ಪೊಟ್ಟಣವನ್ನು ರವಿರಾಜ್ ಗಡಿಬಿಡಿಯಲ್ಲಿ ಛತ್ರಿಯೊಳಗೆ ಅಡಗಿಸಿದ. ಮಳೆ ಬಂದರೆ ಛತ್ರಿ ಬಿಡಿಸುವುದು ಹೇಗೆಂದು ಅವನು ಯೋಚಿಸಿರಲಿಲ್ಲ.

ಸಂಜೆಯ ಬೈಂದೂರು ಬಸ್ಸು ತುಂಬಿ ತುಳುಕುತ್ತಿತ್ತು. ರವಿರಾಜ್ ಕಂಬಿ ಹಿಡಿದು, ಕಾಲು ಸ್ವಲ್ಪ ಅಗಲಿಸಿ ನಿಂತ. ಬಸ್ಸು ಗುಂಡಿಗೆ ಇಳಿದಾಗ ಅವನ ಮುಖ ಕಿವುಚಿದ್ದನ್ನು ಸುಗಂಧಿ ನೋಡಿದಳು. ಮುಂದಿನದೆಲ್ಲ ಅಭ್ಯಾಸದ ತಪ್ಪು. ಪಿಸುಗುಟ್ಟುವುದು ಅವಳ ಕಸುಬಿನಲ್ಲಿರಲಿಲ್ಲ.

"ಹ್ವಾಯ್, ಯಾರಾರೂ ಒಂಚೂರ್ ಸೀಟ್ ಕೊಡಿ ಮಾರ್ರೆ! ನಮ್ಮನಿಯವ್ರಿಗೆ ಫ್ಯಾಮಿಲಿ ಪ್ಲಾನಿಂಗ್ ಆಪರೇಷನ್ ಆಯಿತ್!"

ಡ್ರೈವರ್ ಕೂಡ ಕನ್ನಡಿಯಲ್ಲಿ ನೋಡಿದ. ರವಿರಾಜ್ ಕಣ್ಣು ಮುಚ್ಚಿಕೊಂಡ. ಆಮೇಲೆ ಹಿಂದಿನ ಸೀಟಿನ ಅಜ್ಜಿಯೊಬ್ಬಳು, "ಕೂಕೊ ಮಗಾ, ಕೂಕೊ" ಎಂದಳು. ಅವಳಿಗಿಂತ ಮೊದಲು ಎದ್ದು ಜಾಗ ಬಿಟ್ಟದ್ದು ಅಂಗಡಿಯಿಂದ ಮನೆಗೆ ಹೊರಟಿದ್ದ ಶರ್ಮಿಳಾ. ಅವಳು ಸುಗಂಧಿಯ ಮುಖ ನೋಡಿದಳು, ರವಿರಾಜನ ಮುಖ ನೋಡಿದಳು, ಬುಟ್ಟಿ ಹೊತ್ತ ಭಾನುವಾರ ಅವಳಿಗೆ ಈಗ ಅರ್ಥವಾಯಿತು. ನಗು ತಡೆಯಲಾರದೆ ಕಂಬಿಗೆ ಹಣೆ ಹಚ್ಚಿದಳು.

ಇಂಥ ಸುದ್ದಿಯನ್ನು ಇಟ್ಟುಕೊಂಡು ಬೇಲಿಯ ಈಚೆ ಒಬ್ಬಳೇ ಕೂರುವುದು ಯಾರಿಂದಲೂ ಆಗದು. ಮರುದಿನ ಸುಗಂಧಿ ಅಳುಕುತ್ತಲೇ ಬುಟ್ಟಿ ಹೊತ್ತು ಪಡುಕೋಣೆಗೆ ಹೋದಾಗ ದಾಸವಾಳದ ಬೇಲಿಗೆ ಆನಿಸಿಕೊಂಡು ಇಬ್ಬರೂ ನಿಂತಿದ್ದರು. ಶರ್ಮಿಳಾ ಕೆಲಸದ ಬಸ್ಸನ್ನೂ ಬಿಟ್ಟಿದ್ದಳು.

"ಹ್ಯಾಂಗಿದ್ದ ಏಲಂದವ?" ಎಂದು ಕೇಳಿದರು ಸರಸಮ್ಮ. ಮೋರೆ ಬಿಗಿಯಾಗಿಯೇ ಇಟ್ಟುಕೊಂಡಿದ್ದರು. "ತಕೊ, ಮನಿಯಗೆ ಬೆಳ್ದ ಬಾಳಿಕಾಯ್. ಗಂಜಿ ಒಟ್ಟಿಗೆ ಪಲ್ಯ ಮಾಡಿ ಹಾಕ್. ಚಟ್ಲಿ ದುಡ್ಡ್ ನಾ ಮರಿಲಿಲ್ಲ ಅಂದ್ ಹೇಳ್ ಅವನಿಗೆ."

"ಬಂಗ್ಡಿ ಬಂದಾಗ ತೀರ್ಸ್ತೆ ಸರಸಮ್ಮ," ಎಂದಳು ಸುಗಂಧಿ. ಬುಟ್ಟಿ ಇಳಿಸಿ, ಬಗ್ಗಿ, ಎರಡು ಪಾಲು ಮಾಡಿದಳು. ಕಣ್ಣಲ್ಲಿ ನೀರು ಬಂದದ್ದು ಒಣಮೀನಿನ ಘಾಟಿಗೆ ಎಂದು ಅವರು ತಿಳಿದುಕೊಂಡರು.

ಆಗಸ್ಟಿನಲ್ಲಿ ಕಡಲು ತೆರೆಯಿತು. ರವಿರಾಜ್ ತನ್ನ ಜಾಗದಲ್ಲೇ ನಿಂತು ಹಗ್ಗ ಎಳೆದ. ಬಲೆ ತುಂಬ ಬಂಗ್ಡೆ ಮೇಲೆ ಬಂದಾಗ ಅಣ್ಣಯ್ಯ ಪಕ್ಕಕ್ಕೆ ಸರಿದು, ಅಲೆಯ ಸದ್ದಿನ ಮರೆಯಲ್ಲಿ ಅವನ ಕಿವಿಗೆ ಬಾಯಿಟ್ಟನಂತೆ: "ಬಪ್ಪು ವರ್ಷ ನಮ್ ಮಗನಿಗ್ ಮಾಡ್ಸ್ಕೊ ಅಂದ್ ಹೇಳುವನಾ ಅಂದೇಳಿ ಕಾಣ್ತೆ. ಭಾರಿ ನೋವಾತ್ತಾ?"

ಆ ಭಾನುವಾರ ಅದೇ ಬಂಗ್ಡೆಯನ್ನು ಹೊತ್ತು ಸುಗಂಧಿ ಸೇತುವೆ ದಾಟಿದಳು. ಈಗ ಅವಳಿಗೊಂದು ಹೊಸ ಅಭ್ಯಾಸ. ತೆಂಗಿನ ತಿರುವಿನಲ್ಲಿ ಬುಟ್ಟಿ ಇಳಿಸಿ ಒಮ್ಮೆ ಮೇಲೆ ನೋಡಿಯೇ ಮುಂದೆ ಹೋಗುವುದು. ಹಿಂದಿನಿಂದ ಬಂದ ಸ್ಕೂಟರಿನವನು ಪೋಂ ಎಂದು ದಾಟಿಹೋದ. ಅವನನ್ನು ಪಡುಕೋಣೆಯಲ್ಲಿ ಯಾರೂ ನಿಲ್ಲಿಸಲಿಲ್ಲ.

ಬೇಲಿಯ ಬುಡದಲ್ಲಿ ಸರಸಮ್ಮನ ಪಾತ್ರೆಗೆ ದುಡ್ಡಿಲ್ಲದ ಬಂಗ್ಡೆ ಬಿತ್ತು. ಶರ್ಮಿಳಾ ಮೀನು ಆರಿಸುವ ನೆಪದಲ್ಲಿ ಬಗ್ಗಿ, ಒಳಗೆ ಪೇಪರ್ ಓದುತ್ತ ಕೂತ ಗಂಡನ ಕಡೆ ಕಣ್ಣು ತೋರಿಸಿ ಮೆಲ್ಲಗೆ ಕೇಳಿದಳು:

"ಸುಗಂಧಕ್ಕ, ನಮ್ಮನಿಯವ್ರಿಗೂ ಒಂದಿನ ಆ ಬುಟ್ಟಿ ಹೊರ್ಸುಕಾತ್ತಾ?"

ಸುಗಂಧಿ ಸಿಂಬಿಯನ್ನು ಕೊಡವಿ ಮತ್ತೆ ಸುತ್ತಿದಳು. ಅವಳ ದನಿ ಎಂದಿನಂತೆ ಸೇತುವೆಯವರೆಗೂ ಕೇಳಿತು.

"ಹೊರ್ಸುವ ಹೆಣೆ, ಧಾರಾಳ ಹೊರ್ಸುವ! ಆರೆ ಏಲಂ ಹಾಕುಕಿಲ್ಲೆ!"